ಸರ್ಕ್ಯೂಟಿಗೂ ಸಾಪೇಕ್ಷತೆಗೂ ಒಂದೇ ಲೆಕ್ಕ

ಬೆಂಗಳೂರಿನ ವಿದ್ಯಾರಣ್ಯಪುರಕ್ಕೆ ಹತ್ತಿರದ ಯಲಹಂಕದಲ್ಲಿ 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ವಿದ್ಯುತ್ ಸ್ಥಾವರವಿದೆ. ಅಂಥ ಸ್ಥಾವರಗಳ ಜನರೇಟರ್‌ಗಳನ್ನು ಅರಿಯಲು ನೆರವಾಗುವ ಗಣಿತವೇ 1915ರಲ್ಲಿ ಐನ್‌ಸ್ಟೈನರಿಗೆ ಗುರುತ್ವವನ್ನು ವಿವರಿಸಲು ಒದಗಿತು. ಅದರ ಹೆಸರು ಟೆನ್ಸರ್. ಅದನ್ನು ವಿದ್ಯುತ್ ಜಾಲಗಳಿಗೆ ಅಳವಡಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಗೇಬ್ರಿಯಲ್ ಕ್ರಾನ್ (1901–1968).

ನೋಡುವ ನೆಲೆ ಬದಲಾದರೆ ಅಳತೆಗಳೂ ಬದಲಾಗುತ್ತವೆ. ಆದರೂ ಬದಲಾಗದೆ ಉಳಿಯುವುದು ಏನು, ಉಳಿದವು ಯಾವ ನಿಯಮದಂತೆ ಬದಲಾಗುತ್ತವೆ ಎಂದು ಟೆನ್ಸರ್ ಹೇಳುತ್ತದೆ.

ಸರ್ಕ್ಯೂಟಿನಲ್ಲಿ

1, 2, 3 ಓಮ್‌ಗಳ ಮೂರು ರೆಸಿಸ್ಟರ್‌ಗಳಿವೆ ಎನ್ನೋಣ. ಮೊದಲೆರಡರಲ್ಲಿ 2 ಮತ್ತು 1 ಆಂಪಿಯರ್ ಹರಿದು, ಎರಡೂ ಕೂಡಿ ಮೂರನೆಯದರಲ್ಲಿ 3 ಆಂಪಿಯರ್ ಹರಿಯುತ್ತದೆ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುತ್ತ ಒಂದೊಂದಾಗಿ ಲೆಕ್ಕ ಹಾಕಿದರೆ ಸೆಕೆಂಡಿಗೆ ಖರ್ಚಾಗುವ ಶಕ್ತಿ 4+2+27, ಅಂದರೆ 33 ವ್ಯಾಟ್. ಅದನ್ನೇ ಎರಡು ಲೂಪ್‌ಗಳಾಗಿ ನೋಡಿದರೆ ರೋಧಗಳು 4 ಮತ್ತು 5 ಓಮ್, ಎರಡಕ್ಕೂ ಸೇರಿದ್ದು 3 ಓಮ್. ಲೂಪ್‌ಗಳ ಕರೆಂಟು 2 ಮತ್ತು 1 ಆಂಪಿಯರ್ ಆದ್ದರಿಂದ ಈಗಿನ ಲೆಕ್ಕ 16+12+5; ನಡುವಿನ 12 ಎರಡಕ್ಕೂ ಸೇರಿದ ರೋಧದ್ದು, ಅದು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಉತ್ತರ ಮತ್ತೆ 33 ವ್ಯಾಟ್. ರೋಧದ ಪಟ್ಟಿ (ಮ್ಯಾಟ್ರಿಕ್ಸ್) ಪೂರ್ತಿ ಬದಲಾಯಿತು, ಶಕ್ತಿ ಬದಲಾಗಲಿಲ್ಲ.

ಸಾಪೇಕ್ಷತೆಯಲ್ಲಿ

ಎರಡು ಘಟನೆಗಳ ನಡುವೆ ಒಬ್ಬರಿಗೆ 5 ಸೆಕೆಂಡಿನ ಅಂತರ ಕಾಣುತ್ತದೆ; ದೂರ, ಬೆಳಕು 3 ಸೆಕೆಂಡಿನಲ್ಲಿ ಸಾಗುವಷ್ಟು. ಇವೆರಡರ ವರ್ಗ ತೆಗೆದುಕೊಂಡು 25ರಲ್ಲಿ 9 ಕಳೆದರೆ 16. ಬೆಳಕಿನ ವೇಗದ ಐದನೇ ಮೂರು ಪಾಲು ವೇಗದಲ್ಲಿ ಮೊದಲ ಘಟನೆಯಿಂದ ಎರಡನೆಯದರ ದಿಕ್ಕಿಗೆ ಸಾಗುವವರಿಗೆ ಅವೆರಡೂ ಒಂದೇ ಜಾಗದಲ್ಲಿ, 4 ಸೆಕೆಂಡಿನ ಅಂತರದಲ್ಲಿ ನಡೆಯುತ್ತವೆ. ವರ್ಗ ಮತ್ತೆ 16. ಸರ್ಕ್ಯೂಟಿನಲ್ಲಿ ರೋಧದ ಮ್ಯಾಟ್ರಿಕ್ಸ್ ಮಾಡುವ ಕೆಲಸವನ್ನು ಇಲ್ಲಿ ದೇಶಕಾಲದ ಅಂತರ ಅಳೆಯುವ ‘ಮೆಟ್ರಿಕ್’ ಮಾಡುತ್ತದೆ. ನೆಲೆ ಬದಲಿಸಿದಾಗ ಎರಡೂ ಒಂದೇ ಸೂತ್ರದಂತೆ ಬದಲಾಗುತ್ತವೆ.

ತಿರುಗುವ ಯಂತ್ರದಲ್ಲಿ

ಜನರೇಟರಿನ ಹೊರಭಾಗದಲ್ಲಿ ನಿಂತು ನೋಡಿದರೆ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಭಾರ ಸಮನಾಗಿದ್ದು ಸ್ಥಿರವಾಗಿರುವಾಗ, ತಿರುಗುವ ರೋಟರಿನ ನೆಲೆಯಿಂದ ಅದೇ ಕರೆಂಟು ಏರಿಳಿತವಿಲ್ಲದೆ ಕಾಣುತ್ತದೆ. ಆದರೆ ಸಮೀಕರಣಕ್ಕೆ ವೇಗವನ್ನು ಅವಲಂಬಿಸಿದ ಹೊಸ ವೋಲ್ಟೇಜ್ ಬಂದು ಸೇರುತ್ತದೆ. ಸಾಮಾನ್ಯ ಸಾಪೇಕ್ಷತೆಯಲ್ಲೂ ನೆಲೆ ಬದಲಿಸಿದರೆ ಇಂಥ ಹೆಚ್ಚುವರಿ ಪದಗಳು ಬರುತ್ತವೆ. ಕ್ರಾನ್ 1934ರ ತಮ್ಮ ಪ್ರಬಂಧದಲ್ಲಿ ಈ ಹೋಲಿಕೆಯನ್ನು ಹಿಡಿದರು. 1939ರಲ್ಲಿ ವಿದ್ಯುತ್ ಜಾಲಗಳ ಟೆನ್ಸರ್ ವಿಶ್ಲೇಷಣೆಯ ಬಗ್ಗೆ ಪುಸ್ತಕ ಹೊರತಂದರು.

ಈ ನಂಟು ಗಣಿತದ್ದು ಮಾತ್ರ. ಮನೆಯ ವೈರಿಂಗು ದೇಶಕಾಲವನ್ನು ಬಗ್ಗಿಸುತ್ತದೆ ಎಂದು ಯಾರೂ ಭಾವಿಸಬೇಕಿಲ್ಲ. ಎಂಜಿನಿಯರಿಂಗ್ ಓದುತ್ತಿರುವವರು ಮುಂದಿನ ಸಲ ಲೂಪ್ ಲೆಕ್ಕವನ್ನು ಮ್ಯಾಟ್ರಿಕ್ಸ್‌ನಲ್ಲಿ ಬರೆದು, ಶಕ್ತಿ ಬದಲಾಗಿಲ್ಲವೆಂದು ತಾವೇ ತಾಳೆ ನೋಡಬೇಕು. ಟೆನ್ಸರ್ ಕಲಿಯಲು ಅದಕ್ಕಿಂತ ಸುಲಭದ ದಾರಿಯಿಲ್ಲ.