ಬಸುರಿಯ ಮೌನಕ್ಕೆ ದನಿಯಾದ ಇಬ್ಬರು ತಾಯಂದಿರು

ಪುಣೆ: ಮಗಳೋ ಸೊಸೆಯೋ ಮೊದಲ ಬಾರಿಗೆ ಬಸುರಿಯಾದಳೆಂದರೆ ಮನೆಯ ಸಂಭ್ರಮದ ಬೆನ್ನಿಗೇ ಬರುವ ಪ್ರಶ್ನೆ ‘ಒಳ್ಳೆಯ ಲೇಡಿ ಡಾಕ್ಟರ್ ಯಾರಿದ್ದಾರೆ?’ ಎಂಬುದು. ಇಂದು ಕೋಥ್ರೂಡ್‌ನಲ್ಲಿರಲಿ, ಹಡಪ್ಸರ್‌ನಲ್ಲಿರಲಿ, ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಒಂದೂವರೆ ಶತಮಾನದ ಹಿಂದೆ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆ ಉತ್ತರಕ್ಕಾಗಿ ಹೆಣಗಿದ ಇಬ್ಬರು ತರುಣಿಯರ ಬದುಕು ಪುಣೆಯೊಂದಿಗೆ ಬೆಸೆದುಕೊಂಡಿದೆ. ಅವರಲ್ಲಿ ಒಬ್ಬರು ನಮ್ಮ ಪಶ್ಚಿಮ ಘಟ್ಟದ ಮಡಿಲಲ್ಲಿ ಹುಟ್ಟಿದವರು ಎಂಬುದು ಇಲ್ಲಿನ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹತ್ತು ದಿನದ ಕೂಸು

ಮೊದಲನೆಯವರು ಡಾ. ಆನಂದಿಬಾಯಿ ಜೋಶಿ. 1865ರ ಮಾರ್ಚ್ 31ರಂದು ಜನಿಸಿದ ಇವರಿಗೆ ಒಂಬತ್ತನೆಯ ವಯಸ್ಸಿಗೇ ಅಂಚೆ ಇಲಾಖೆಯ ನೌಕರ ಗೋಪಾಳರಾವ್ ಜೋಶಿಯವರೊಂದಿಗೆ ಮದುವೆಯಾಯಿತು. ಹದಿನಾಲ್ಕರ ಹರೆಯದಲ್ಲಿ ಚೊಚ್ಚಲ ಹೆರಿಗೆ. ಗಂಡು ಮಗು. ತಕ್ಕ ವೈದ್ಯೋಪಚಾರ ಸಿಗದೆ ಆ ಕೂಸು ಬದುಕಿದ್ದು ಹತ್ತೇ ದಿನ.

ಅಂದು ಡಾಕ್ಟರೆಂದರೆ ಗಂಡಸರೇ. ಬಸುರಿಗೆ ತನ್ನ ತೊಂದರೆ ಹೇಳಿಕೊಳ್ಳಲು ನಾಚಿಕೆ; ಮನೆಯವರಿಗೆ ತೋರಿಸಲು ಸಂಕೋಚ. ಸೂಲಗಿತ್ತಿಯ ಕೈಮೀರಿದರೆ ದೇವರೇ ಗತಿ. ಆನಂದಿಬಾಯಿ ಈ ದುಃಖವನ್ನು ಹಣೆಬರಹವೆಂದು ನುಂಗಿಕೊಳ್ಳಲಿಲ್ಲ. ಈ ದೇಶಕ್ಕೆ ಹೆಣ್ಣು ವೈದ್ಯರು ಬೇಕು, ತಾನೇ ಕಲಿತು ಬರುತ್ತೇನೆ ಎಂದು 1883ರಲ್ಲಿ ಹಡಗು ಹತ್ತಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರ ಮಾರ್ಚ್ 11ರಂದು ಪದವಿ ಪಡೆದರು. ಅವರು ಬರೆದ ಪ್ರಬಂಧದ ವಿಷಯ ಪ್ರಸೂತಿ ಶಾಸ್ತ್ರವೇ ಆಗಿತ್ತು.

ಊರಿಗೆ ಮರಳುವಾಗ ಕ್ಷಯರೋಗ ಜತೆಗಿತ್ತು. ಕೊಲ್ಹಾಪುರದ ಆಸ್ಪತ್ರೆಯ ಮಹಿಳಾ ವಿಭಾಗದಲ್ಲಿ ಹುದ್ದೆ ಕಾದಿತ್ತಾದರೂ ಸೇವೆ ಸಲ್ಲಿಸುವ ಭಾಗ್ಯ ಬರಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದಾಗ ಇನ್ನೂ 22 ತುಂಬಿರಲಿಲ್ಲ.

ಗಂಗಾಮೂಲದ ಮಗಳು

ಆನಂದಿಬಾಯಿಯವರ ಪದವಿ ಪ್ರದಾನ ಸಮಾರಂಭಕ್ಕೆ ಕಡಲು ದಾಟಿ ಬಂದಿದ್ದ ಬಂಧು ಪಂಡಿತಾ ರಮಾಬಾಯಿ. 1858ರ ಏಪ್ರಿಲ್ 23ರಂದು ಗಂಗಾಮೂಲದ ಕಾಡಿನಲ್ಲಿ ಜನಿಸಿದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ರಮಾಬಾಯಿಗೆ 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ ಪತಿ ಕಾಲರಾಕ್ಕೆ ಬಲಿಯಾದರು. ಎಳೆಗೂಸನ್ನು ಎತ್ತಿಕೊಂಡು 1882ರಲ್ಲಿ ಅವರು ಪುಣೆಗೆ ಬಂದರು.

ಅದೇ ವರ್ಷ ಶಿಕ್ಷಣದ ಬಗ್ಗೆ ವಿಚಾರಣೆ ನಡೆಸಿದ ಹಂಟರ್ ಆಯೋಗದ ಮುಂದೆ ಈ 24ರ ತಾಯಿ ಹೇಳಿಕೆ ನೀಡಿದರು. ನಮ್ಮ ಹೆಂಗಸರು ಕಾಯಿಲೆಯನ್ನು ಗಂಡಸು ಡಾಕ್ಟರರಿಗೆ ಹೇಳಿಕೊಳ್ಳಲಾರದೆ ಅಕಾಲ ಮರಣಕ್ಕೆ ಈಡಾಗುತ್ತಿದ್ದಾರೆ, ಆದ್ದರಿಂದ ಹೆಣ್ಣುಮಕ್ಕಳಿಗೂ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯಬೇಕು ಎಂಬುದು ಅದರ ತಿರುಳು. ಮಹಿಳಾ ವೈದ್ಯರ ನೆರವು ಒದಗಿಸುವ ಲೇಡಿ ಡಫರಿನ್ ನಿಧಿ 1885ರಲ್ಲಿ ಸ್ಥಾಪನೆಯಾಯಿತು. ಸ್ವತಃ ವೈದ್ಯೆಯಾಗಬೇಕೆಂದು ಇಂಗ್ಲೆಂಡಿಗೆ ತೆರಳಿದ್ದ ರಮಾಬಾಯಿಗೆ ಮಾತ್ರ ಕಿವಿಯ ದೋಷ ಅಡ್ಡಿಯಾಯಿತು.

ಇಂದಿನ ತಡೆ ಭಾಷೆ

ಲೇಡಿ ಡಾಕ್ಟರ್ ಸಿಕ್ಕರೂ ಬಸುರಿಯ ಮೌನ ಪೂರ್ತಿ ಹೋಗಿಲ್ಲ. ಊರಿನಿಂದ ಹೊಸದಾಗಿ ಮದುವೆಯಾಗಿ ಪುಣೆಗೆ ಬಂದ ಹುಡುಗಿಗೆ ಮರಾಠಿ ಬಾರದು. ತಪಾಸಣೆಯ ಕೋಣೆಯಲ್ಲಿ ಗಂಡನೋ ಅತ್ತೆಯೋ ಅವಳ ಪರವಾಗಿ ಮಾತಾಡುತ್ತಾರೆ. ಹೇಳಬೇಕಾದ ಮುಖ್ಯ ಮಾತೇ ಉಳಿದುಬಿಡುತ್ತದೆ.

ಚೊಚ್ಚಲ ಬಸುರಿನಲ್ಲಿ ರಕ್ತದೊತ್ತಡ ಏರುವ ತೊಂದರೆ ಹೆಚ್ಚು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ರಕ್ತ ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು - ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಬಿಡುವಂತಿಲ್ಲ. ಕನಿಷ್ಠ ಮೂರು ಮಾತನ್ನಾದರೂ ಮರಾಠಿಯಲ್ಲಿ ಕಲಿತಿರುವುದು ಒಳಿತು: ‘ಡೋಕಂ ದುಖತಂಯ’ (ತಲೆ ನೋಯುತ್ತಿದೆ), ‘ರಕ್ತ ಜಾತಂಯ’ (ರಕ್ತ ಹೋಗುತ್ತಿದೆ), ‘ಬಾಳ ಹಲತ ನಾಹೀ’ (ಮಗು ಮಿಸುಕುತ್ತಿಲ್ಲ).

ಮೊದಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಸೀಮಂತದ ಸೀರೆಯ ಜತೆಗೆ ಪುಣೆಯ ತಪಾಸಣೆಯ ಕಾರ್ಡ್, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿಗಳೂ ಚೀಲದಲ್ಲಿರಬೇಕು. ಅವಿಲ್ಲದಿದ್ದರೆ ಊರಿನ ಡಾಕ್ಟರರಿಗೆ ಏಳು ತಿಂಗಳ ಕಥೆ ತಿಳಿಯುವುದಿಲ್ಲ. 2016ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕಟ್ಟಡ ಕೆಲಸಕ್ಕೆ ಬಂದಿರುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಈ ಮಾಹಿತಿ ತಲುಪಬೇಕಾಗಿದೆ.

ಸಂಘಗಳ ಮಹಿಳಾ ವಿಭಾಗದಲ್ಲಿ ಮರಾಠಿ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಅಂಥ ಅಕ್ಕನೋ ಚಿಕ್ಕಮ್ಮನೋ ತಪಾಸಣೆಯ ದಿನ ಜತೆಗೆ ಹೋಗಿ, ಆ ಹುಡುಗಿ ತನ್ನ ಬಾಯಿಂದಲೇ ಹೇಳಿದ್ದನ್ನು ಡಾಕ್ಟರಿಗೆ ತಿಳಿಸಿದರೆ ಸಾಕು. ಗಂಗಾಮೂಲದ ಮಗಳು 1882ರಲ್ಲಿ ಇದೇ ಪುಣೆಯಲ್ಲಿ ಕೇಳಿಕೊಂಡಿದ್ದೂ ಅದನ್ನೇ: ಬಸುರಿಯ ಮಾತು ಕೇಳುವವರೊಬ್ಬರು ಬೇಕು.