ಅಭಿಮನ್ಯು ಯಾರ ಸ್ವತ್ತು?

"ಅಭಿಮನ್ಯು ವಧೆ ಆಡೂಕೆ ಯಾರ ಅಪ್ಪಣೆ ಬೇಕ್ ಮಾರಾಯ್ರೆ? ಅದ್ ವ್ಯಾಸರದ್ದ್ ಅಲ್ದಾ?" ನಮ್ಮ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಪ್ರಸಂಗ ಗೊತ್ತು ಮಾಡಲು ಕೂತಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಹಗಲು ಕುಂದಾಪುರದ ಕೋರ್ಟಿನಲ್ಲಿ ಕಪ್ಪು ಕೋಟು, ರಾತ್ರಿ ಮುಂಡಾಸು ವೇಷ ಹಾಕುವ ನನ್ನ ಕಡೆಗೇ ಎಲ್ಲರ ಮುಖ ತಿರುಗುತ್ತದೆ.

ಕಥೆ ವ್ಯಾಸರದ್ದೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಕೋಟದ ಶಿವರಾಮ ಕಾರಂತರು 'ಯಕ್ಷರಂಗ' ಎಂಬ ತಮ್ಮ ಹೊಸ ಬಗೆಯ ಯಕ್ಷಗಾನಕ್ಕಾಗಿ ಕಟ್ಟಿದ 'ಅಭಿಮನ್ಯು ವಧೆ' ವ್ಯಾಸರದ್ದಲ್ಲ. ಬೆಳಗಿನವರೆಗೆ ನಡೆಯುವ ಆಟವನ್ನು ಅವರು ಕೆಲವೇ ಗಂಟೆಗಳಿಗೆ ಇಳಿಸಿದರು, ಮಾತಿಗಿಂತ ಕುಣಿತವನ್ನು ಮುಂದೆ ತಂದರು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಆಗ ಇದಕ್ಕೆ ಮೂಗು ಮುರಿದವರು ನಮ್ಮಲ್ಲೇ ಬೇಕಾದಷ್ಟು ಜನ.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿ ಮಾಲಿನಿ ಮಲ್ಯರಿಗೆ ಬಿಟ್ಟಿದ್ದರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿತು. ತಮ್ಮನ್ನು ಕೇಳದೆ ಆಡಿಸಿದರೆಂದು ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಕಾರಂತರು ನಮ್ಮ ಯಕ್ಷಗಾನ ಕೇಂದ್ರದ ನಿರ್ದೇಶಕರು, ಕೇಂದ್ರದ ಆಶ್ರಯದಲ್ಲಿ ಹುಟ್ಟಿದ್ದು ಕೇಂದ್ರಕ್ಕೇ ಸೇರಬೇಕು ಎಂಬುದು ಅಕಾಡೆಮಿಯ ವಾದ. ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ, ಅಕಾಡೆಮಿಗೆ ತಡೆಯಾಜ್ಞೆ ಬಿತ್ತು. ಹೈಕೋರ್ಟು ಹೇಳಿದ್ದು ಇಷ್ಟು: ಕಾರಂತರ ಏಳು ಪ್ರಸಂಗಗಳನ್ನು ಅವರೇ ಕಲ್ಪಿಸಿದ ವೇಷಭೂಷಣ, ನೃತ್ಯ ಸಂಯೋಜನೆ, ನಿರ್ದೇಶನದಲ್ಲಿ ಆಡಿಸುವುದಾದರೆ ಮಲ್ಯರ ಕೃತಿಸ್ವಾಮ್ಯಕ್ಕೆ ತಲೆಬಾಗಬೇಕು. ಅಭಿಮನ್ಯು ಸ್ವತಂತ್ರ, ಅವನ ಆ ಕುಣಿತಕ್ಕೆ ಮಾತ್ರ ಒಡೆಯರಿದ್ದಾರೆ.

ನಮ್ಮಂಥ ಸಂಘಗಳು ಕಿವಿ ನಿಮಿರಿಸಬೇಕಾದ್ದು ಮುಂದಿನ ಮಾತಿಗೆ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಲ್ಯರ ಹಕ್ಕನ್ನು ಉಳಿಸಿತು, ಜೊತೆಗೆ ಈ ತಡೆಯಾಜ್ಞೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ ಒಳಪಟ್ಟದ್ದು ಎಂದಿತು. ಶಾಲೆ-ಕಾಲೇಜಿನ ಮಕ್ಕಳೂ ಮಾಸ್ತರರೂ ತಮ್ಮವರ ಮುಂದೆಯೇ ಆಡಿದರೆ ತಪ್ಪಿಲ್ಲ. ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರಿಗೆ ಆಡಿದರೂ ತಪ್ಪಿಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೂ ತಪ್ಪಿಲ್ಲ; ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಟಿಕೆಟು ಮಾರಿದರೂ ನಡೆದೀತು ಎಂಬುದು ನನ್ನ ಓದು. ಕಾಯ್ದೆ ಬರೆದವರು ನಮ್ಮ ಗದ್ದೆಯ ರಂಗಸ್ಥಳವನ್ನು ಕಂಡೇ ಬರೆದರೋ ಏನೋ.

ಆದರೆ ಕಲಮಿನಲ್ಲಿರುವುದು 'ಹವ್ಯಾಸಿ' ಎಂಬ ಮಾತು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯಾಟಕ್ಕೆ ಪ್ರೇಕ್ಷಕ ಕಾಸು ಕೊಡುವುದಿಲ್ಲ, ನಿಜ. ಆದರೂ ಕಲಾವಿದರಿಗೆ ಅದು ಹೊಟ್ಟೆಪಾಡು. ಹವ್ಯಾಸಿ ಸಂಘದ ವಿನಾಯಿತಿ ಅವರಿಗೆ ದಕ್ಕುವುದು ಕಷ್ಟ. ಪೌರಾಣಿಕ ಹಳೆಯ ಪ್ರಸಂಗಗಳನ್ನೇ ಆಡುವಾಗ ಈ ತಲೆಬಿಸಿಯಿಲ್ಲ. ಕೃತಿಕಾರ ಸತ್ತ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ, ಆಮೇಲೆ ಕೃತಿ ಎಲ್ಲರದ್ದು. ಪಾರ್ತಿಸುಬ್ಬನ ಪದ್ಯ ಹಾಡಲು ಯಾರನ್ನೂ ಕೇಳಬೇಕಿಲ್ಲ. ಕಾರಂತರ ಬರಹಕ್ಕೆ 2057ರ ಕೊನೆಯವರೆಗೆ ಕಾಯಬೇಕು.

ಕಷ್ಟವಿರುವುದು ಡೇರೆ ಮೇಳದ ಹೊಸ ಸಾಮಾಜಿಕ ಪ್ರಸಂಗಗಳಲ್ಲಿ. ಪ್ರಸಂಗಕರ್ತ ಬರೆದುಕೊಡುತ್ತಾನೆ, ಚೌಕಿಯಲ್ಲಿ ಒಂದು ಶಾಲು, ಒಂದು ಕವರು, ಮಾತು ಮುಗಿಯಿತು. ಇದು ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ. ಹಕ್ಕು ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕೇ ಬೇಕು. ಅದರಲ್ಲಿ ಅವಧಿ ಕಾಣಿಸದಿದ್ದರೆ ಐದೇ ವರ್ಷ ಎಂದು ಕಾಯ್ದೆ ಎಣಿಸುತ್ತದೆ. ಶಾಲು ಹೊದೆಸಿದ ಮಾತ್ರಕ್ಕೆ ಪ್ರಸಂಗ ಮೇಳದ್ದಾಗುವುದಿಲ್ಲ. ನೋಂದಣಿ ಮಾಡಿಸಿಲ್ಲವಲ್ಲ ಎಂದು ಪ್ರಸಂಗಕರ್ತರು ಹೆದರುವುದೂ ಬೇಡ. ಬರೆದ ಗಳಿಗೆಯಲ್ಲೇ ಹಕ್ಕು ಹುಟ್ಟಿರುತ್ತದೆ.

ಈಗ ಮೊಬೈಲು. ಆಟ ಮುಗಿಯುವ ಮೊದಲೇ ಯೂಟ್ಯೂಬಿನಲ್ಲಿ ನೇರಪ್ರಸಾರ ಆಗಿರುತ್ತದೆ. ವಿನಾಯಿತಿ ರಂಗಸ್ಥಳದಲ್ಲಿ ಆಡುವುದಕ್ಕೆ ಮಾತ್ರ, ಲೋಕಕ್ಕೆಲ್ಲ ಬಿತ್ತರಿಸುವುದು ಬೇರೆಯೇ ಹಕ್ಕು. ಅದೂ ಅಲ್ಲದೆ ವೇಷಧಾರಿಗೆ, ಭಾಗವತರಿಗೆ ಅವರದೇ ಆದ ಪ್ರದರ್ಶಕರ ಹಕ್ಕು 50 ವರ್ಷ ಇದೆ. ನಮ್ಮ ಸಂಘದಲ್ಲೀಗ ಕ್ಯಾಮೆರಾ ಇಡುವ ಮುಂಚೆ ಭಾಗವತರನ್ನೂ ವೇಷಧಾರಿಗಳನ್ನೂ ಕೇಳಿ ಒಂದು ಹಾಳೆಗೆ ರುಜು ಹಾಕಿಸುತ್ತೇವೆ. "ಎಂತ ವಕೀಲ್ರೆ, ಬಣ್ಣ ಹಚ್ಚೂಕೂ ಅಫಿಡವಿಟ್ಟಾ?" ಎಂದು ನಮ್ಮ ಹಾಸ್ಯಗಾರರು ಚೌಕಿಯಲ್ಲೇ ನಗೆಯಾಡುತ್ತಾರೆ. ನಗಲಿ, ರುಜುವನ್ನಂತೂ ಹಾಕುತ್ತಾರೆ.