ಡೇರೆಯ ಎರಡನೆಯ ಆಟ

ಕತೆಯ ಕೊನೆ ಗೊತ್ತಿದ್ದೂ ಅದೇ ಚಿತ್ರವನ್ನು ನಡುರಾತ್ರಿಯಲ್ಲಿ ಮತ್ತೆ ಮತ್ತೆ ನೋಡಲು ಜನ ಸೇರುವುದನ್ನು ಪಶ್ಚಿಮದ ವಿಮರ್ಶಕರು ತಮ್ಮಲ್ಲಿ ಹುಟ್ಟಿದ ಒಂದು ಹೊಸ ಸಂಪ್ರದಾಯವೆಂದು ಬಣ್ಣಿಸಿದ್ದಾರೆ. ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದಲ್ಲಿ 1970ರ ಕೊನೆಗೆ ‘ಎಲ್ ಟೋಪೋ’ ಚಿತ್ರದ ಮಧ್ಯರಾತ್ರಿಯ ಆಟಗಳು ತೊಡಗಿದುವು. 1976ರಿಂದ ಅದೇ ನಗರದಲ್ಲಿ ‘ರಾಕಿ ಹಾರರ್ ಪಿಕ್ಚರ್ ಷೋ’ ನೋಡಲು ಬಂದವರು ಪಾತ್ರಗಳ ಮಾತಿಗೆ ತಮ್ಮ ಮಾತನ್ನೂ ಸೇರಿಸತೊಡಗಿದರು. ಇಂಥವಕ್ಕೆ ‘ಕಲ್ಟ್’ ಚಿತ್ರಗಳೆಂಬ ಹೆಸರು ನಿಂತಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಟೂರಿಂಗ್ ಟಾಕೀಸನ್ನು ಕಂಡವರಿಗೆ ಇದರಲ್ಲಿ ಅಷ್ಟೇನೂ ಹೊಸದು ತೋರಲಾರದು.

ಡೇರೆಯೆಂದರೆ ಬಟ್ಟೆ; ಹಗಲಿನ ಬೆಳಕನ್ನು ಅದು ತಡೆಯಲಾರದು. ಆದಕಾರಣ ಕತ್ತಲಾದ ಮೇಲೆ ಎರಡೇ ಆಟ. ಮೊದಲನೆಯದು ಬಹುಮಟ್ಟಿಗೆ ಊರಿನ ಸಂಸಾರವಂದಿಗರದು. ಎರಡನೆಯದು, ಹೊಲದಿಂದ ಬಂದು, ದನಗಳಿಗೆ ಮೇವು ಹಾಕಿ, ಮುದ್ದೆಯುಂಡು, ಗಾಡಿ ಕಟ್ಟಿಕೊಂಡು ಹೊರಡುವ ಹಳ್ಳಿಗರದು. ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಬಂದಿತೆಂದರೆ ಟಿಕೆಟ್ಟು ಕೊಡಲು ತೊಡಗಿದರೆಂದು ಅರ್ಥ. ದೂರದ ಗಾಡಿಯವನು ಎತ್ತಿನ ಬಾಲ ಮುರಿಯುತ್ತಿದ್ದನು. ಹೊಸ ಪ್ರತಿಗಳು ನಗರಗಳಲ್ಲಿ ಓಡಿ, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ, ಬಾಡಿಗೆ ಇಳಿದ ಮೇಲೆಯೇ ಡೇರೆಗೆ ಬರುತ್ತಿದ್ದುವು. ಯಂತ್ರವೂ ಸಾಮಾನ್ಯವಾಗಿ ಒಂದೇ. ಸುರುಳಿ ಬದಲಾಯಿಸುವಾಗಲೆಲ್ಲ ದೀಪ ಹತ್ತುವುದು, ಬೀಡಿ ಹೊತ್ತುವುದು, ಕಡಲೆಕಾಯಿಯ ಪೊಟ್ಟಣ ಬಿಚ್ಚುವುದು. ಈ ವಿರಾಮಗಳನ್ನು ಪಟ್ಟಣದವರು ಪೀಡೆಯೆಂದು ಬಗೆದರೆ ಬಗೆಯಲಿ. ನನಗಂತೂ ಎರಡನೆಯ ಆಟದ ಜೀವ ಅಲ್ಲಿತ್ತೆಂದೇ ತೋರುತ್ತದೆ. ಆಗ ತಾನೆ ಕಂಡದ್ದರ ಮೇಲೆ ನೆಲದಲ್ಲಿ ಕುಳಿತವರ ವ್ಯಾಖ್ಯಾನ ನಡೆಯುತ್ತಿತ್ತು.

ಅಂಥ ವ್ಯಾಖ್ಯಾನಕ್ಕೆ ಒದಗಿದ ಚಿತ್ರಗಳಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1965ರ ‘ಸತ್ಯ ಹರಿಶ್ಚಂದ್ರ’ ಮುಖ್ಯವಾದುದು. ಹರಿಶ್ಚಂದ್ರನ ಕತೆ ಯಾರಿಗೆ ತಿಳಿಯದು? ರಾಘವಾಂಕನ ಷಟ್ಪದಿಯನ್ನು ಗಮಕಿಗಳ ಬಾಯಲ್ಲಿ ಕೇಳಿದ, ಮೂಡಲಪಾಯದ ಬಯಲಾಟಗಳನ್ನು ಬೆಳಗಾಗುವವರೆಗೆ ನೋಡಿದ ಜನರಿವರು. ಮುಂದೇನಾಗುವುದೆಂಬ ಕುತೂಹಲದಿಂದ ಅವರು ಬರುತ್ತಿರಲಿಲ್ಲ; ಆಗುವುದು ಹೇಗಾಗುತ್ತದೆಂದು ನೋಡಲು ಬರುತ್ತಿದ್ದರು. ರಾಜಕುಮಾರರ ಹರಿಶ್ಚಂದ್ರ, ಪಂಢರಿಬಾಯಿಯವರ ಚಂದ್ರಮತಿ, ಉದಯಕುಮಾರರ ವಿಶ್ವಾಮಿತ್ರ ಇವರೆಲ್ಲರೂ ಗೌರವಕ್ಕೆ ಪಾತ್ರರಾದರು, ನಿಜ. ಆದರೆ ಡೇರೆಯನ್ನು ತನ್ನದಾಗಿ ಮಾಡಿಕೊಂಡವನು ನಕ್ಷತ್ರಿಕ. ಆ ಪಾತ್ರ ವಹಿಸಿದ ನರಸಿಂಹರಾಜು ಈ ಜಿಲ್ಲೆಯವರೇ, ತಿಪಟೂರಿನವರು, ಎಂಬ ಅಭಿಮಾನವೂ ಸೇರಿದ್ದಿರಬಹುದು. ಅದೊಂದೇ ಕಾರಣವಲ್ಲ.

ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ನಾಡಿದು. ಬೀಜಕ್ಕೆ ಸಾಲ, ಮಳೆ ತಪ್ಪಿದರೆ ಮತ್ತೊಂದು ಬಿತ್ತನೆಗೆ ಮತ್ತೊಂದು ಸಾಲ. ಬೆಳೆ ಕಣ ಸೇರುವ ಹೊತ್ತಿಗೆ ಸಾಹುಕಾರನ ಕಡೆಯವನು ಬೇಲಿಯ ಬಳಿ ನಿಂತಿರುವನು. ರಾಜನ ಬೆನ್ನು ಬಿಡದೆ, ಹಸಿವೆನ್ನುತ್ತ, ಕಾಲುನೋವೆನ್ನುತ್ತ, ಬಾಕಿಯನ್ನು ನೆನಪಿಸುತ್ತ ಬರುವ ನಕ್ಷತ್ರಿಕನನ್ನು ಅವರು ಪುರಾಣದಲ್ಲಿ ಹುಡುಕಬೇಕಾಗಿರಲಿಲ್ಲ. ‘ನಕ್ಷತ್ರಿಕನ ಕಾಟ’ ಎಂಬುದು ಆಡುಮಾತಾಗಿ ಉಳಿದಿರುವುದು ಸುಮ್ಮನೆಯೇ? ಸಾಲಗಾರನು ಸಾಲ ಕೇಳುವವನನ್ನು ನೋಡಿ ಬಾಯಿತುಂಬ ನಗಬಹುದಾದ ಸ್ಥಳ ಇಡೀ ತಾಲ್ಲೂಕಿನಲ್ಲಿ ಅದೊಂದೇ ಇದ್ದಿತೇನೋ!

ನಗೆ ಅಡಗುತ್ತಿದ್ದುದು ಸ್ಮಶಾನದಲ್ಲಿ. ಎಂ. ಪಿ. ಶಂಕರರ ವೀರಬಾಹು ಕುಲದ ಮೇಲುಕೀಳನ್ನು ಹಂಗಿಸಿ ಕುಣಿಯುವ ಹಾಡಿಗೂ ದನಿ ಘಂಟಸಾಲರದೇ. ಹೊರಗೆ ಟಿಕೆಟ್ಟಿಗೆ ಕರೆದ ಕಂಠವೇ ಒಳಗೆ ಈ ಮಾತನ್ನೂ ಆಡುತ್ತಿತ್ತು. ಊರಿನಲ್ಲಿ ಯಾರು ಜಗಲಿಯ ಮೇಲೆ, ಯಾರು ಕೆಳಗೆ ಎಂಬುದನ್ನು ಹುಟ್ಟು ನಿರ್ಣಯಿಸುತ್ತಿತ್ತು. ಡೇರೆಯಲ್ಲಿ ಕುರ್ಚಿ, ಬೆಂಚು, ನೆಲ ಎಂಬ ಭೇದವನ್ನು ಕಾಸು ನಿರ್ಣಯಿಸಿತು. ಇದನ್ನು ಸಮಾನತೆಯೆಂದು ಕೊಂಡಾಡಬೇಕಾಗಿಲ್ಲ. ಬಡವನು ನೆಲದಲ್ಲಿಯೇ ಕುಳಿತನು. ಆದರೂ ಒಂದೇ ಮರಳ ಮೇಲೆ, ಕತ್ತಲಲ್ಲಿ, ಭುಜಕ್ಕೆ ಭುಜ ತಾಗಿಸಿ ಆ ಹಾಡನ್ನು ಕೇಳಿದವರು ಬೆಳಗಾದರೆ ಬೇರೆ ಬೇರೆ ಕೇರಿಗಳಿಗೆ ಸೇರಿದವರು.

ಪಾವಗಡದ ಮಾತು ಸ್ವಲ್ಪ ಬೇರೆ. ಆ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲ. ಜನರ ನಾಲಗೆಯ ಮೇಲೆ ಎರಡು ಭಾಷೆ. ಅದೇ 1965ರಲ್ಲಿ ಕೆ. ವಿ. ರೆಡ್ಡಿಯವರು ಎನ್. ಟಿ. ರಾಮರಾಯರನ್ನು ನಾಯಕರನ್ನಾಗಿಸಿ ಇದೇ ಕತೆಯನ್ನು ತೆಲುಗಿನಲ್ಲಿಯೂ ತೆಗೆದರು. ಎರಡಕ್ಕೂ ಸಂಗೀತ ಪೆಂಡ್ಯಾಲ ನಾಗೇಶ್ವರರಾಯರದು. ತೆಲುಗಿನ ಹರಿಶ್ಚಂದ್ರನು ಸೋತನು, ಕನ್ನಡದವನು ಗೆದ್ದನು. ಗಡಿಯ ಕನ್ನಡವನ್ನು ಕುರಿತು ಸಮ್ಮೇಳನಗಳಲ್ಲಿ ಚಿಂತಿಸುವವರು ಇದನ್ನೂ ಒಮ್ಮೆ ನೆನೆಯಬಹುದು.

ಕಾಯಂ ಚಿತ್ರಮಂದಿರಗಳು ಬಂದುವು, ಮನೆಗೆ ದೂರದರ್ಶನ ಬಂದಿತು. ಡೇರೆಗಳು ಒಂದೊಂದಾಗಿ ಗೂಟ ಕಿತ್ತುವು. ಹಳೆಯ ಚಿತ್ರವನ್ನು ಮತ್ತೆ ನೋಡುವ ಚಪಲ ಮಾತ್ರ ಹೋಗಲಿಲ್ಲ. ಉಪೇಂದ್ರರ ‘ಓಂ’ 1995ರಿಂದೀಚೆಗೆ ಎಷ್ಟು ಸಲ ಮರಳಿ ತೆರೆಕಂಡಿತೆಂಬುದೇ ಒಂದು ದಂತಕತೆಯಾಗಿದೆ. ‘ಸತ್ಯ ಹರಿಶ್ಚಂದ್ರ’ವೂ 2008ರಲ್ಲಿ ಬಣ್ಣ ಬಳಿದುಕೊಂಡು, ಗೀರುಗಳನ್ನು ತೊಳೆದುಕೊಂಡು ಮತ್ತೆ ಬಂದಿತು. ಮಧ್ಯಂತರವೊಂದನ್ನು ಬಿಟ್ಟರೆ ಅದು ಎಲ್ಲಿಯೂ ನಿಲ್ಲದೆ ಸಾಗಿತು. ನಕ್ಷತ್ರಿಕನ ಬಾಕಿ ಎಷ್ಟಕ್ಕೆ ಬಂದಿತೆಂದು ಪಕ್ಕದವನನ್ನು ಕೇಳುವಷ್ಟು ಬಿಡುವು ಅದರಲ್ಲಿರಲಿಲ್ಲ.